ಸೈಟು ಹಂಚಿಕೊಳ್ಳುವುದೋ, ಕೂಡಿ ಮನೆ ಕಟ್ಟುವುದೋ?

ಬೆಂಗಳೂರಿನಲ್ಲಿ ಸೈಟು ಇಟ್ಟುಕೊಂಡವರಿಗೆ 2024ರ ಕೊನೆಯಿಂದ ನೆಮ್ಮದಿ ಕಡಿಮೆ. ಮೊದಲು ಇ-ಖಾತಾ, ಅಂದರೆ ಆನ್‌ಲೈನ್ ಆಸ್ತಿ ದಾಖಲೆ ಇಲ್ಲದೆ ನೋಂದಣಿ ಇಲ್ಲ ಎಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಓಸಿ (ವಾಸಕ್ಕೆ ಯೋಗ್ಯ ಎನ್ನುವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಎಂದಿತು. 2025ರಲ್ಲಿ ಸರ್ಕಾರ, ಮಾರ್ಗಸೂಚಿ ಬೆಲೆಯ ಶೇ 5ರಷ್ಟು ಕಟ್ಟಿದರೆ ಬಿ-ಖಾತಾ ಸೈಟಿಗೆ, ಅಂದರೆ ಕ್ರಮಬದ್ಧ ಒಪ್ಪಿಗೆ ಇಲ್ಲದ ಸೈಟಿಗೆ, ಕ್ರಮಬದ್ಧ ಆಸ್ತಿಯ ಎ-ಖಾತಾ ಕೊಡುತ್ತೇವೆ ಎಂದಿತು. ದಿನಕ್ಕೊಂದು ಸುದ್ದಿ. ನಮ್ಮ ಸೈಟು ಯಾವ ಲೆಕ್ಕಕ್ಕೆ ಬರುತ್ತದೆ ಅನ್ನುವುದೇ ಅನೇಕರಿಗೆ ತಿಳಿಯುತ್ತಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಮಾತು ಜಾಸ್ತಿ ಕೇಳಿಬರುತ್ತಿದೆ. ಹದಿನೈದಿಪ್ಪತ್ತು ಕುಟುಂಬ ಸೇರಿ ಊರಾಚೆ ನಾಲ್ಕೈದು ಎಕರೆ ಕೊಳ್ಳೋಣ, ಜೊತೆಯಾಗಿ ಬದುಕೋಣ. ನಿವೃತ್ತಿ ಹತ್ತಿರ ಬಂದವರು, ನಗರ ಸಾಕಾದವರು, ವಿದೇಶದಿಂದ ಮರಳಿ ಬರಬೇಕು ಅಂದುಕೊಂಡವರು ಇದನ್ನು ಗಂಭೀರವಾಗಿ ಯೋಚಿಸುತ್ತಾರೆ. ಇದಕ್ಕೆ ‘ಕೊ-ಹೌಸಿಂಗ್’ ಅನ್ನುವ ಹೆಸರೂ ಓಡಾಡುತ್ತಿದೆ.

ಜಮೀನು ನೋಡುವವರೆಗೆ ಎಲ್ಲರೂ ಒಂದೇ ಮಾತು. ಆಮೇಲೆ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ. ಜಮೀನನ್ನು ಸೈಟು ಮಾಡಿ ಒಬ್ಬೊಬ್ಬರಿಗೆ ಬರೆದುಕೊಟ್ಟು, ಅವರವರ ಮನೆ ಅವರವರು ಕಟ್ಟಿಕೊಳ್ಳಲಿ ಅನ್ನುವುದೋ? ಇಲ್ಲ, ಎಲ್ಲ ಮನೆಗಳನ್ನೂ ಒಂದೇ ಸಲ ಕೂಡಿ ಕಟ್ಟಿಸುವುದೋ? ಗುಂಪುಗಳು ಒಡೆಯುವುದು ಹೆಚ್ಚಾಗಿ ಇಲ್ಲೇ. ಬಿ-ಖಾತಾ ಗೊಂದಲಕ್ಕೂ ಈ ಪ್ರಶ್ನೆಗೂ ಬೇರು ಒಂದೇ. ರಸ್ತೆ, ನೀರು, ಚರಂಡಿಯಂಥ ಎಲ್ಲರಿಗೂ ಸೇರಿದ ಕೆಲಸ ಮೊದಲು ಆಗಬೇಕೋ, ಸೈಟಿನ ಪತ್ರ ಮೊದಲು ಆಗಬೇಕೋ?

ಒಟ್ಟು ಕುಟುಂಬವೂ ಅಲ್ಲ, ಅಪಾರ್ಟ್‌ಮೆಂಟೂ ಅಲ್ಲ

ಕೊ-ಹೌಸಿಂಗ್ ಹುಟ್ಟಿದ್ದು ಡೆನ್ಮಾರ್ಕಿನಲ್ಲಿ. ಯಾನ್ ಗುಡ್ಮಂಡ್-ಹೋಯರ್ ಎಂಬ ವಾಸ್ತುಶಿಲ್ಪಿ 1964ರಲ್ಲಿ ಕೆಲವು ಗೆಳೆಯರನ್ನು ಕೂಡಿಸಿಕೊಂಡು ಇಂಥ ಒಂದು ಪುಟ್ಟ ಊರು ಕಟ್ಟಲು ಹೊರಟರು. ಜಾಗವನ್ನೂ ಕೊಂಡರು. ಅಕ್ಕಪಕ್ಕದವರ ವಿರೋಧದಿಂದ ಅದನ್ನು ಕೈಬಿಡಬೇಕಾಯಿತು. ಮಕ್ಕಳಿಗೆ ನೂರು ಮಂದಿ ಅಪ್ಪ ಅಮ್ಮ ಇರಬೇಕು ಎಂದು ಬೋದಿಲ್ ಗ್ರೋ ಎಂಬ ಲೇಖಕಿ 1967ರಲ್ಲಿ ಬರೆದ ಲೇಖನ ಇನ್ನಷ್ಟು ಕುಟುಂಬಗಳನ್ನು ಹತ್ತಿರ ತಂದಿತು. ಕೊನೆಗೆ 1972ರಲ್ಲಿ ಸೆಟೆಡಾಮೆನ್ ಎಂಬಲ್ಲಿ 27 ಮನೆ, 1973ರಲ್ಲಿ ಸ್ಕ್ರೋಪ್ಲಾನೆಟ್‌ನಲ್ಲಿ 33 ಮನೆ ಎದ್ದವು. ಅಮೆರಿಕಕ್ಕೆ ಇದು ಬಂದದ್ದು ತಡವಾಗಿ. ಕ್ಯಾಲಿಫೋರ್ನಿಯಾದ ಡೇವಿಸ್ ಪಟ್ಟಣದಲ್ಲಿ 1991ರಲ್ಲಿ 26 ಮನೆಗಳ ಮ್ಯೂರ್ ಕಾಮನ್ಸ್ ಶುರುವಾಯಿತು.

ಇಲ್ಲಿ ಪ್ರತಿ ಮನೆಗೂ ತನ್ನದೇ ಬಾಗಿಲು, ತನ್ನದೇ ಅಡುಗೆಮನೆ. ದುಡಿಮೆ, ದುಡ್ಡು ಎಲ್ಲ ಅವರವರದ್ದು. ಅದರ ಜೊತೆಗೆ ನಡುವೆ ಎಲ್ಲರಿಗೂ ಸೇರಿದ ಒಂದು ದೊಡ್ಡ ಮನೆ ಇರುತ್ತದೆ. ಅಲ್ಲಿ ದೊಡ್ಡ ಅಡುಗೆಮನೆ, ಊಟದ ಹಜಾರ, ಮಕ್ಕಳ ಕೋಣೆ, ಬಟ್ಟೆ ಒಗೆಯುವ ಜಾಗ, ನೆಂಟರಿಗೆ ಒಂದೆರಡು ಕೋಣೆ. ಕಾರುಗಳು ಊರಂಚಿನಲ್ಲೇ ನಿಲ್ಲುತ್ತವೆ. ಒಳಗೆ ನಡೆಯುವ ದಾರಿ ಮಾತ್ರ. ಅಡುಗೆಮನೆ ಕಿಟಕಿ ಆ ದಾರಿಯ ಕಡೆಗೇ ತೆರೆದಿರುತ್ತದೆ. ಪಾತ್ರೆ ತೊಳೆಯುತ್ತಲೇ ಮಗು ಎಲ್ಲಿ ಆಡುತ್ತಿದೆ ಅನ್ನುವುದು ಕಾಣುತ್ತದೆ.

ಸಂಜೆಯ ಊಟದ ಲೆಕ್ಕ ಸರಳ. ಮೂವತ್ತು ಮನೆಯಲ್ಲಿ ಅರವತ್ತು ಮಂದಿ ದೊಡ್ಡವರು ಇದ್ದರೆ, ದಿನಕ್ಕೆ ಇಬ್ಬರಂತೆ ಸರದಿ ಹಾಕಿದರೆ ತಿಂಗಳಿಗೆ ಒಂದೇ ಸಲ ಅಡುಗೆ. ಉಳಿದ ಇಪ್ಪತ್ತೊಂಬತ್ತು ದಿನ ಹೋಗಿ ಕೂತರೆ ಊಟ. ನಮ್ಮಲ್ಲಿ ನಾಟಿ ಸಮಯದಲ್ಲಿ ಮುಯ್ಯಾಳು ಹೋಗುತ್ತಿದ್ದರಲ್ಲ, ಅದೇ ಬಗೆಯ ಕೊಡು ಕೊಳ್ಳುವಿಕೆ ಇದು.

ಹಳೆ ಬೆಂಗಳೂರು, ಮೈಸೂರಿನ ವಠಾರಗಳು ನೆನಪಿಗೆ ಬರುವುದು ಸಹಜ. ಅಲ್ಲಿಯೂ ಒಂದೇ ಅಂಗಳ, ಒಂದೇ ನಲ್ಲಿ ಇತ್ತು. ಆದರೆ ವಠಾರಕ್ಕೆ ಒಬ್ಬ ಮಾಲೀಕ ಇದ್ದ. ಅಂಗಳ ಎಷ್ಟಿರಬೇಕು, ನಲ್ಲಿ ಎಲ್ಲಿರಬೇಕು ಎಂದು ಬಾಡಿಗೆಯವರನ್ನು ಯಾರೂ ಕೇಳಲಿಲ್ಲ. ಕೊ-ಹೌಸಿಂಗ್‌ನಲ್ಲಿ ಅದನ್ನು ತೀರ್ಮಾನಿಸುವವರು ಅಲ್ಲಿ ವಾಸ ಮಾಡುವವರೇ.

ಸೈಟು ಕೊಡೋಣ ಎನ್ನುವವರ ಮಾತು

ಈ ವಾದವನ್ನು ಹಗುರವಾಗಿ ತಳ್ಳಿಹಾಕಲು ಆಗುವುದಿಲ್ಲ. ಎಲ್ಲರ ಕೈಯಲ್ಲೂ ಒಂದೇ ಸಲ ದುಡ್ಡು ಇರುವುದಿಲ್ಲ. ಈಗ ಸೈಟು ಕೊಂಡು, ಮಗಳ ಓದು ಮುಗಿದ ಮೇಲೆ ಮನೆ ಕಟ್ಟುತ್ತೇವೆ ಅನ್ನುವವರೇ ಹೆಚ್ಚು. ಸೈಟು ಅವರ ಹೆಸರಿಗೆ ಇದ್ದರೆ ಬ್ಯಾಂಕು ಅದನ್ನೇ ಅಡವಿಟ್ಟುಕೊಂಡು ಸಾಲ ಕೊಡುತ್ತದೆ. ವಾಸ್ತು ನೋಡುವವರು, ನೆಲಮಹಡಿ ಸಾಕು ಅನ್ನುವವರು, ಮಣ್ಣಿನ ಮನೆ ಬೇಕು ಅನ್ನುವವರು, ಎಲ್ಲರಿಗೂ ಅವರವರ ಇಷ್ಟದ ಮನೆ ಸಿಗುತ್ತದೆ. ಗುಂಪು ಮುರಿದುಬಿದ್ದರೂ ಕೈಯಲ್ಲಿ ಪತ್ರ ಇರುತ್ತದೆ. ಮಾರಿ ಹೊರಬರಬಹುದು.

ಮುಂದಾಳುಗಳಿಗೂ ಇದು ಅನುಕೂಲ. ಜಮೀನಿನವರಿಗೆ ಕೊಡಬೇಕಾದ ಹಣ ಸೈಟು ಮಾರಿದ ಹಾಗೆ ಬಂದುಬಿಡುತ್ತದೆ. ಇಪ್ಪತ್ತು ಮನೆ ಕಟ್ಟಿಸುವ ಜವಾಬ್ದಾರಿ ಯಾರ ತಲೆಯ ಮೇಲೂ ಬೀಳುವುದಿಲ್ಲ. ಅಮೆರಿಕದ ಕೆಲವು ಕೊ-ಹೌಸಿಂಗ್ ಗುಂಪುಗಳೂ ಇದೇ ಕಾರಣಕ್ಕೆ ಸೈಟು ಹಂಚುವ ದಾರಿ ಹಿಡಿದವು.

ಖಾಲಿ ಸೈಟಿನ ಲೆಕ್ಕ

ತೊಂದರೆ ಕಾಣಿಸುವುದು ಮೂರು ನಾಲ್ಕು ವರ್ಷದ ಮೇಲೆ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇಪ್ಪತ್ತು ಕುಟುಂಬ, ನಾಲ್ಕು ಎಕರೆ. ರಸ್ತೆ, ಕೊಳವೆಬಾವಿ, ಟ್ಯಾಂಕು, ಕರೆಂಟಿನ ಟ್ರಾನ್ಸ್‌ಫಾರ್ಮರ್, ಕೊಳಚೆ ನೀರಿನ ವ್ಯವಸ್ಥೆ, ನಡುವಿನ ದೊಡ್ಡ ಮನೆ, ಎಲ್ಲ ಸೇರಿ ₹1.6 ಕೋಟಿ ಆಗುತ್ತದೆ ಅನ್ನಿ. ಇಪ್ಪತ್ತು ಕುಟುಂಬಕ್ಕೆ ಹಂಚಿದರೆ ತಲಾ ₹8 ಲಕ್ಷ.

ಸೈಟು ಹಂಚಿ ಆಯಿತು. ಮೂರು ವರ್ಷದಲ್ಲಿ ಆರು ಮನೆ ಎದ್ದಿವೆ. ಉಳಿದ ಹದಿನಾಲ್ಕು ಮಂದಿ ಈಗ ಕಟ್ಟುತ್ತಿಲ್ಲ. ಇನ್ನೂ ಬಳಸದ ದೊಡ್ಡ ಮನೆಗೆ ಈಗಲೇ ಯಾಕೆ ದುಡ್ಡು ಕೊಡಬೇಕು ಎಂದು ಅವರು ಕೇಳುತ್ತಾರೆ. ಅವರ ಕಡೆಯಿಂದ ನೋಡಿದರೆ ಅದು ತಪ್ಪಲ್ಲ. ಅಲ್ಲಿಗೆ ಆರು ಮನೆಯವರ ಮುಂದೆ ಎರಡೇ ದಾರಿ. ತಲಾ ₹26 ಲಕ್ಷಕ್ಕೂ ಹೆಚ್ಚು ಹಾಕಿ ಎಲ್ಲವನ್ನೂ ಕಟ್ಟಿಸುವುದು, ಇಲ್ಲವೇ ಅವು ಇಲ್ಲದೆಯೇ ಬದುಕುವುದು. ಸಾಮಾನ್ಯವಾಗಿ ಎರಡನೆಯದೇ ಆಗುತ್ತದೆ.

ದೊಡ್ಡ ಮನೆ ಬರುವುದಿಲ್ಲ ಎಂದು ಗೊತ್ತಾದ ಕೂಡಲೇ ಒಬ್ಬೊಬ್ಬರ ಮನೆಯ ನಕ್ಷೆ ಬದಲಾಗುತ್ತದೆ. ನೆಂಟರಿಗೆ ಒಂದು ಕೋಣೆ ಬೇಕಲ್ಲ, ಹಾಕು. ಹತ್ತು ಜನ ಕೂತು ಊಟ ಮಾಡಲು ಜಾಗ ಬೇಕಲ್ಲ, ಹಾಕು. ಬಟ್ಟೆ ಒಗೆಯುವ ಕೋಣೆ, ಸಾಮಾನಿನ ಕೋಣೆ. 900 ಚದರ ಅಡಿಯಲ್ಲಿ ಮುಗಿಯಬೇಕಿದ್ದ ಮನೆ 1,800ಕ್ಕೆ ಹೋಗುತ್ತದೆ. ಖರ್ಚು ಹೆಚ್ಚಾದ ಮೇಲೆ ದೊಡ್ಡ ಮನೆಗೆ ಕೊಡಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂದು ಇನ್ನೊಂದನ್ನು ತಳ್ಳುತ್ತಾ ಹೋಗುತ್ತದೆ. ಮುಂದೆ ಉಳಿದ ಹದಿನಾಲ್ಕು ಕುಟುಂಬ ಬಂದರೂ, ಎಲ್ಲರ ಮನೆಯೊಳಗೂ ಎಲ್ಲವೂ ಇರುತ್ತದೆ. ಆಗ ದೊಡ್ಡ ಮನೆ ಯಾರಿಗೂ ಬೇಡ.

ಕಣ್ಣಿಗೆ ಕಾಣುವ ಕಷ್ಟವೂ ಇದೆ. ಖಾಲಿ ಸೈಟಿನ ತುಂಬ ಪಾರ್ಥೇನಿಯಂ, ಲಂಟಾನ. ಮೂಲೆಕಲ್ಲು ಕಾಣುವುದಿಲ್ಲ. ಮಳೆಗಾಲದಲ್ಲಿ ಹಾವಿನ ಭಯಕ್ಕೆ ಮಕ್ಕಳನ್ನು ಆ ಕಡೆ ಬಿಡುವುದಿಲ್ಲ. ವರ್ಷಕ್ಕೆ ಎರಡು ಮನೆಯಂತೆ ಏಳುತ್ತಾ ಹೋದರೆ ಹತ್ತು ವರ್ಷ ಜಲ್ಲಿ ಲಾರಿ, ಕಾಂಕ್ರೀಟ್ ಮಿಕ್ಸರ್, ಕಬ್ಬಿಣ ಕತ್ತರಿಸುವ ಸದ್ದು. ಹೊಸದಾಗಿ ಹಾಕಿದ ರಸ್ತೆ ಆ ಲಾರಿಗಳ ಕೆಳಗೇ ಕಿತ್ತುಹೋಗುತ್ತದೆ. ಪ್ರತಿ ಸಲವೂ ಬೇರೆ ಮೇಸ್ತ್ರಿ, ಬೇರೆ ತಂಡ, ಹೊಸದಾಗಿ ಶೆಡ್ಡು. ಒಟ್ಟಿಗೆ ಸಿಮೆಂಟು, ಇಟ್ಟಿಗೆ ತರಿಸಿದರೆ ಸಿಗಬಹುದಾದ ರಿಯಾಯಿತಿ ಯಾರಿಗೂ ಸಿಗುವುದಿಲ್ಲ.

ಇದರಲ್ಲಿ ಎಲ್ಲಕ್ಕಿಂತ ನೋವಿನ ಸಂಗತಿ ಬೇರೆ ಇದೆ. ಮೊದಲು ಬಂದ ಆರು ಕುಟುಂಬ ಕೆಸರು ತುಳಿದು, ಕರೆಂಟಿಗೆ ಅಲೆದು, ಗಿಡ ನೆಟ್ಟು ಆ ಜಾಗವನ್ನು ವಾಸಯೋಗ್ಯ ಮಾಡುತ್ತವೆ. ಅದರಿಂದ ಬೆಲೆ ಏರುವುದು ಇಪ್ಪತ್ತೂ ಸೈಟಿಗೆ. ಕಟ್ಟದೇ ಕಾದವರಿಗೆ ಆ ಲಾಭ ಸುಮ್ನೆ ಸಿಗುತ್ತದೆ. ಬೆಲೆ ಏರಿದಷ್ಟೂ ಕಾಯುವ ಆಸೆ ಹೆಚ್ಚುತ್ತದೆ. ಕಾದಷ್ಟೂ ಊರು ಆಗುವುದು ಮುಂದಕ್ಕೆ ಹೋಗುತ್ತದೆ. ಜನ ಕೆಟ್ಟವರು ಅನ್ನುವ ಕಾರಣಕ್ಕೆ ಹೀಗೆ ಆಗುವುದಲ್ಲ. ಸೈಟು ಅನ್ನುವುದು ಮನೆಯಾಗುವ ಮುಂಚೆಯೇ ಹೂಡಿಕೆ ಆಗಿಬಿಡುತ್ತದೆ, ಅದಕ್ಕೆ.

ಕೂಡಿ ಕಟ್ಟುವುದೂ ಸುಲಭದ ದಾರಿಯಲ್ಲ

ಹಾಗಾದರೆ ಒಟ್ಟಿಗೇ ಕಟ್ಟಿಸಿದರೆ ಆಯಿತಲ್ಲ ಅನ್ನಿಸಬಹುದು. ಲಂಡನ್ನಿನ ಹೈ ಬಾರ್ನೆಟ್‌ನಲ್ಲಿ ಐವತ್ತು ದಾಟಿದ ಹೆಂಗಸರೇ ಸೇರಿ ಮಾಡಿಕೊಂಡ ನ್ಯೂ ಗ್ರೌಂಡ್ ಎಂಬ 25 ಮನೆಗಳ ಕೊ-ಹೌಸಿಂಗ್ ಇದೆ. ಗುಂಪು ಕಟ್ಟಿದ್ದು 1998ರಲ್ಲಿ. ಮನೆಗೆ ಬಂದದ್ದು 2016ರಲ್ಲಿ. ನಡುವೆ 18 ವರ್ಷ. ಅಷ್ಟು ಕಾಯಲು ಎಷ್ಟು ಮಂದಿಗೆ ಆಗುತ್ತದೆ?

ಕೂಡಿ ಕಟ್ಟುವಾಗ ಎಲ್ಲ ಕಷ್ಟವೂ ಮೊದಲೇ ಬರುತ್ತದೆ. ಜಮೀನಿಗೆ, ನಕ್ಷೆಗೆ, ಅನುಮತಿಗೆ ಹಣ ಹಾಕಬೇಕು. ಮನೆ ಇನ್ನೂ ಕಾಗದದ ಮೇಲೆಯೇ ಇರುತ್ತದೆ. ನಡುವೆ ಮೂರು ಕುಟುಂಬ ಬಿಟ್ಟುಹೋದರೆ ಅವರ ಪಾಲನ್ನು ಉಳಿದವರು ಹೊರಬೇಕು. ಕಂಟ್ರಾಕ್ಟರ್ ಕೈಕೊಟ್ಟರೆ ಇಪ್ಪತ್ತೂ ಮನೆ ಒಟ್ಟಿಗೆ ನಿಲ್ಲುತ್ತವೆ. ಅಡುಗೆಮನೆ ಕಟ್ಟೆಯ ಎತ್ತರದಿಂದ ಹಿಡಿದು ಎಲ್ಲದಕ್ಕೂ ಸಭೆ.

ಆದರೂ ಇದರಲ್ಲಿ ಒಂದು ನ್ಯಾಯ ಇದೆ. ಕಷ್ಟ ಎಲ್ಲರ ಮೇಲೂ ಒಂದೇ ಸಲ, ಒಂದೇ ಅಳತೆಯಲ್ಲಿ ಬೀಳುತ್ತದೆ. ಗೃಹಪ್ರವೇಶದ ಹೊತ್ತಿಗೆ ರಸ್ತೆ, ನೀರು, ದೊಡ್ಡ ಮನೆ ಎಲ್ಲ ಇರುತ್ತದೆ. ಸೈಟು ಹಂಚಿದಾಗ ಕಷ್ಟ ಕಡಿಮೆ ಆಗುವುದಿಲ್ಲ. ಮುಂದಕ್ಕೆ ಹೋಗುತ್ತದೆ, ಮೊದಲು ಬಂದವರ ತಲೆಗೆ ಕಟ್ಟಿಕೊಳ್ಳುತ್ತದೆ. ಗುಂಪುಗಳು ಸಭೆಯಲ್ಲಿ ಮಾತಾಡಬೇಕಾದದ್ದು ಇದನ್ನು. ಮಾತಾಡುವುದು ಮಾತ್ರ ಚದರ ಅಡಿಯ ಬೆಲೆಯನ್ನು.

ಹೆಸರು ಗೃಹ ನಿರ್ಮಾಣ, ಕೊಟ್ಟದ್ದು ನಿವೇಶನ

ಕೂಡಿ ಮನೆ ಮಾಡಿಕೊಳ್ಳುವುದು ಕರ್ನಾಟಕಕ್ಕೆ ಹೊಸದಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದನ್ನು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಮನೆಗಾಗಿಯೇ ಸಹಕಾರ ಸಂಘ ಶುರುವಾಯಿತು. ಮುಂದೆ ಕಾರ್ಖಾನೆ, ಬ್ಯಾಂಕು, ಸರ್ಕಾರಿ ಇಲಾಖೆಗಳ ನೌಕರರೆಲ್ಲ ಗೃಹ ನಿರ್ಮಾಣ ಸಹಕಾರ ಸಂಘ ಮಾಡಿಕೊಂಡರು.

ಬೋರ್ಡಿನ ಮೇಲೆ ‘ಗೃಹ ನಿರ್ಮಾಣ’ ಎಂದೇ ಇದ್ದರೂ ಹೆಚ್ಚಿನ ಸಂಘಗಳು ಹಂಚಿದ್ದು ಸೈಟು. ಸದಸ್ಯರಾಗುವುದು, ಕಂತು ಕಟ್ಟುವುದು, ಹಿರಿತನದ ಪಟ್ಟಿಯಲ್ಲಿ ಹೆಸರು ಬರುವವರೆಗೆ ಕಾಯುವುದು, ಪತ್ರ ಮಾಡಿಸಿಕೊಳ್ಳುವುದು. ಪತ್ರ ಕೈಗೆ ಬಂದ ದಿನ ಸಹಕಾರ ಮುಗಿಯಿತು. ಮುಂಬೈಯಲ್ಲಿ ಹಾಗಲ್ಲ. ಅಲ್ಲಿ ಹೌಸಿಂಗ್ ಸೊಸೈಟಿ ಅಂದರೆ ಕಟ್ಟಡ, ಜಾಗ ಎರಡೂ ಸಂಘದ ಹೆಸರಿನಲ್ಲಿ. ಸದಸ್ಯರಿಗೆ ಇರುವುದು ಷೇರು, ಮನೆಯಲ್ಲಿ ಇರುವ ಹಕ್ಕು. ಅದರಲ್ಲೂ ಜಗಳ ಇದ್ದೇ ಇದೆ. ಆದರೆ ಮನೆ ಸಿಕ್ಕಿದ ಮೇಲೂ ಸಂಘಕ್ಕೆ ಕೆಲಸ ಇರುತ್ತದೆ.

ನಮ್ಮಲ್ಲಿ ಸೈಟೇ ಗುರಿಯಾದಾಗ ಏನಾಗುತ್ತದೆ ಅನ್ನುವುದಕ್ಕೆ ಕೋರ್ಟಿನ ದಾಖಲೆಯೇ ಇದೆ. ಸರ್ಕಾರ ಸಂಘಗಳಿಗಾಗಿ ರೈತರ ಜಮೀನನ್ನು ಸ್ವಾಧೀನ ಮಾಡಿಕೊಡುತ್ತಿತ್ತು. ಎಚ್‌ಎಂಟಿ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಅಂಥ ಸ್ವಾಧೀನವನ್ನು ಹೈಕೋರ್ಟ್ ರದ್ದು ಮಾಡಿತು. 1995ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸರ್ಕಾರ ಮೊದಲೇ ಒಪ್ಪಿದ ವಸತಿ ಯೋಜನೆಯೇ ಇರಲಿಲ್ಲ ಅನ್ನುವುದು ಮುಖ್ಯ ಕಾರಣ. ಜಮೀನು ಮೊದಲು, ಯೋಜನೆ ಆಮೇಲೆ ಅನ್ನುವ ಕ್ರಮವೇ ತಪ್ಪು ಎಂದ ಹಾಗಾಯಿತು.

ಬಿ-ಖಾತಾ ಸೈಟುಗಳದ್ದು ಇದೇ ಕಥೆ, ಇನ್ನೂ ಕೆಟ್ಟ ರೂಪದಲ್ಲಿ. ಹೊಲವನ್ನು ಸುಣ್ಣದ ಗೆರೆ ಎಳೆದು 30x40 ಮಾಡಿ ಮಾರಿದರು. ಚರಂಡಿ, ಪಾರ್ಕು, ರಸ್ತೆ ಅಗಲ ಯಾವುದಕ್ಕೂ ಯಾರೂ ಜಾಗ ಬಿಡಿಸಲಿಲ್ಲ. ಮಾರಿದವರು ಹೋದರು. ಈಗ ಕೊಂಡವರು ಖಾತೆ ಬದಲಿಸುವ ಶುಲ್ಕದ ಲೆಕ್ಕ ಹಾಕುತ್ತಿದ್ದಾರೆ. ಹಣ ಕಟ್ಟಿದರೆ ಖಾತೆ ಬದಲಾಗಬಹುದು. ಇಪ್ಪತ್ತು ಅಡಿ ರಸ್ತೆ ಮೂವತ್ತು ಅಡಿ ಆಗುವುದಿಲ್ಲ.

ರಸ್ತೆ ಯಾರದ್ದು?

ಕೊ-ಹೌಸಿಂಗ್ ಮಾಡಬೇಕು ಅನ್ನುವವರು ನಮ್ಮ ಕಾನೂನಿನಲ್ಲಿ ಗಮನಿಸಲೇಬೇಕಾದ ಒಂದು ಅಂಶ ಇದೆ. ಜಮೀನನ್ನು ಕ್ರಮಬದ್ಧವಾಗಿ ಸೈಟು ಮಾಡಲು ಮೊದಲು ಭೂ ಪರಿವರ್ತನೆ ಆಗಬೇಕು, ಅಂದರೆ ಕೃಷಿ ಜಮೀನನ್ನು ವಸತಿ ಬಳಕೆಗೆ ಬದಲಿಸಬೇಕು. ಇದು 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ. ಆಮೇಲೆ ಯೋಜನಾ ಪ್ರಾಧಿಕಾರದಿಂದ ಬಡಾವಣೆ ನಕ್ಷೆಗೆ ಒಪ್ಪಿಗೆ. ಆ ನಕ್ಷೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜಾಗ ರಸ್ತೆ, ಪಾರ್ಕು, ಸಿಎ (ನಾಗರಿಕ ಸೌಲಭ್ಯದ) ಸೈಟಿಗೆ ಹೋಗುತ್ತದೆ. ಅದನ್ನೆಲ್ಲ ಸ್ಥಳೀಯ ಸಂಸ್ಥೆಗೋ ಪ್ರಾಧಿಕಾರಕ್ಕೋ ಬಿಟ್ಟುಕೊಟ್ಟು ಪತ್ರ ಬರೆದುಕೊಡಬೇಕು. ಹಾಗೆ ಬಿಟ್ಟುಕೊಟ್ಟ ಬಡಾವಣೆ ರಸ್ತೆ ಸಾರ್ವಜನಿಕರದ್ದು, ಗೇಟು ಹಾಕಿ ತಡೆಯುವಂತಿಲ್ಲ ಎಂದು ಹೈಕೋರ್ಟ್ ಹೇಳಿದೆ.

ಇದರ ಪರಿಣಾಮ ನೋಡಿ. ಒಂದು ಗುಂಪು ಕೂಡಿ ಬಾಳುವ ಆಸೆಯಿಂದ ಜಮೀನು ಕೊಳ್ಳುತ್ತದೆ. ಸೈಟು ಹಂಚುವ ದಾರಿ ಹಿಡಿಯುತ್ತದೆ. ನಿಯಮದಂತೆಯೇ ನಡೆದರೂ, ಕೂಡಿ ಬಳಸಬೇಕಿದ್ದ ಜಾಗವೇ ಅವರ ಕೈ ಬಿಟ್ಟು ಹೋಗುತ್ತದೆ. ಉಳಿಯುವುದು ಒಬ್ಬೊಬ್ಬರ ಸೈಟು ಮಾತ್ರ. ಸಾರ್ವಜನಿಕ ರಸ್ತೆ, ಪಾರ್ಕು ಇರುವುದು ಊರಿಗೆ ಒಳ್ಳೆಯದೇ. ಆದರೆ ದೊಡ್ಡ ಮನೆ, ತೋಟ, ಕಾರಿಲ್ಲದ ದಾರಿಗಳ ಕನಸು ಆ ನಕ್ಷೆಯಲ್ಲಿ ಕೂರುವುದಿಲ್ಲ.

ಎಲ್ಲ ಮನೆಗಳಿಗೂ ಒಂದೇ ಕಟ್ಟಡ ಯೋಜನೆಯಾಗಿ ಒಪ್ಪಿಗೆ ಪಡೆದರೆ ಲೆಕ್ಕ ಬೇರೆ. ಆಗ ನೆಲದಲ್ಲಿ ಪ್ರತಿಯೊಬ್ಬರಿಗೂ ಅವಿಭಜಿತ ಪಾಲು ಬರುತ್ತದೆ. ಉಳಿದ ಜಾಗ ಎಲ್ಲರದ್ದಾಗಿಯೇ ಇರುತ್ತದೆ. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ನಿಂತಿರುವುದು ಇದರ ಮೇಲೆಯೇ. ಮನೆಗಳನ್ನು ಹೊರಗಿನವರಿಗೂ ಮಾರುವುದಾದರೆ, ಎಂಟಕ್ಕಿಂತ ಹೆಚ್ಚು ಮನೆ ಅಥವಾ 500 ಚದರ ಮೀಟರ್ ಮೀರಿದ ಜಾಗ ಇದ್ದಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿಯೂ ಬೇಕು. ಸೈಟು ಮಾರಿದರೂ ರೇರಾ ಅನ್ವಯಿಸುತ್ತದೆ ಅನ್ನುವುದು ಅನೇಕರಿಗೆ ತಿಳಿದಿಲ್ಲ.

ಇನ್ನೊಂದು ಅಡ್ಡದಾರಿ ಈಗ ಜೋರಾಗಿದೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಾಗಿ ಪರಿವರ್ತನೆ ಮಾಡಿಸದೆ ಗುಂಟೆ ಲೆಕ್ಕದಲ್ಲಿ ‘ಫಾರ್ಮ್ ಪ್ಲಾಟ್’ ಹಂಚಿಕೊಳ್ಳುವುದು ಸಲೀಸು ಅನ್ನಿಸುತ್ತದೆ. ಕೊಳ್ಳಬಹುದು, ನಿಜ. ಆದರೆ ಕೃಷಿ ಜಮೀನಿನಲ್ಲಿ ತೋಟದ ಮನೆಗೆ ಮಿತಿ ಇದೆ. ಇಪ್ಪತ್ತು ಕುಟುಂಬದ ಊರನ್ನು ತೋಟದ ಮನೆ ಎಂದು ತೋರಿಸಲು ಆಗುವುದಿಲ್ಲ. ಎಲ್ಲರ ಹೆಸರನ್ನೂ ಒಂದೇ ಪತ್ರಕ್ಕೆ ಹಾಕಿಸಿಕೊಂಡು ಸುಮ್ಮನಾಗುವುದೂ ಅಪಾಯ. ಜಂಟಿ ಮಾಲೀಕರಲ್ಲಿ ಯಾರೇ ಆಗಲಿ ಯಾವಾಗ ಬೇಕಾದರೂ ವಿಭಾಗಕ್ಕೆ ದಾವೆ ಹಾಕಬಹುದು. ಇವತ್ತು ಗೆಳೆಯ ಒಪ್ಪಿರಬಹುದು. ನಾಳೆ ಅವನ ವಾರಸುದಾರರು ಒಪ್ಪಬೇಕಲ್ಲ?

ಗುಂಪಿಗೇ ಜಾಗ ಮಾರಿದ ಟ್ಯೂಬಿಂಗನ್

ಜರ್ಮನಿಯ ಟ್ಯೂಬಿಂಗನ್ ನಗರ ಈ ಹಗ್ಗಜಗ್ಗಾಟಕ್ಕೆ ಒಂದು ಒಳ್ಳೆಯ ದಾರಿ ಕಂಡುಕೊಂಡಿತು. 1990ರ ದಶಕದ ಆರಂಭದಲ್ಲಿ ಫ್ರೆಂಚ್ ಸೇನೆ ಅಲ್ಲಿನ ಬ್ಯಾರಕ್ಕುಗಳನ್ನು ಖಾಲಿ ಮಾಡಿತು. ನಗರಸಭೆಯೇ ಆ ಜಾಗ ಕೊಂಡು, ರಸ್ತೆ, ಚರಂಡಿ ಮಾಡಿಸಿತು. ಆಮೇಲೆ ಸೈಟುಗಳನ್ನು ಮಾರಿದ್ದು ಒಬ್ಬೊಬ್ಬರಿಗಲ್ಲ, ಕುಟುಂಬಗಳ ಗುಂಪಿಗೆ. ಅಲ್ಲಿ ಅಂಥ ಗುಂಪಿಗೆ ಬೌಗ್ರುಪ್ಪೆ ಅನ್ನುತ್ತಾರೆ. ಹರಾಜು ಇಲ್ಲ, ಬೆಲೆ ಮೊದಲೇ ನಿಗದಿ. ಜಾಸ್ತಿ ದುಡ್ಡು ಕೊಡುವವರ ಬದಲು ಒಳ್ಳೆಯ ಯೋಜನೆ ತಂದ ಗುಂಪಿಗೆ ಆದ್ಯತೆ. ನಕ್ಷೆ ಮಾಡಿಕೊಳ್ಳಲು, ಸಾಲ ಹೊಂದಿಸಲು ಸಮಯ ಕೊಟ್ಟು, ಅಲ್ಲಿಯವರೆಗೆ ಜಾಗವನ್ನು ಅವರಿಗಾಗಿ ಕಾದಿರಿಸಿದರು. ಫ್ರೈಬುರ್ಗ್ ನಗರದ ವೊಬಾನ್ ಬಡಾವಣೆಯಲ್ಲೂ ಇಂಥ ಗುಂಪುಗಳು ಮನೆ ಕಟ್ಟಿದವು.

ಇಲ್ಲಿ ಸೈಟೂ ಇದೆ, ಕೂಡಿ ಕಟ್ಟುವುದೂ ಇದೆ. ಕಟ್ಟದೇ ಕಾಯುವ ಅವಕಾಶ ಮಾತ್ರ ಇಲ್ಲ. ಡೆನ್ಮಾರ್ಕಿನಲ್ಲೂ 1981ರಲ್ಲಿ ಸಹಕಾರಿ ವಸತಿಗೆ ಸಾಲ ಸುಲಭ ಮಾಡುವ ಕಾನೂನು ಬಂದ ಮೇಲೆಯೇ ಕೊ-ಹೌಸಿಂಗ್ ವೇಗವಾಗಿ ಹರಡಿತು. ಗೆಳೆತನ, ಒಳ್ಳೆಯ ಮನಸ್ಸು ಬೇಕು. ಆದರೆ ಅಲ್ಲಿ ಕೆಲಸ ನಡೆದದ್ದು ಜಾಗ ಮತ್ತು ಸಾಲದ ನಿಯಮ ಬದಲಾದಾಗ. ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಲೈಲ್ಯಾಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2013ರಲ್ಲಿ ವಾಸ ಶುರುವಾದ 20 ಮನೆಗಳು. ಎಲ್ಲ ಮನೆಯೂ ಸಂಘದ್ದು. ಪ್ರತಿ ಕುಟುಂಬ ಕೈಗೆ ಬರುವ ಆದಾಯದ ಶೇ 35ರಷ್ಟನ್ನು ಕಟ್ಟುತ್ತದೆ. ಕಡಿಮೆ ಸಂಬಳದವರಿಗೂ ಅಲ್ಲಿ ಜಾಗ ಸಿಗುತ್ತದೆ.

ನಮ್ಮ ಅಭಿವೃದ್ಧಿ ಪ್ರಾಧಿಕಾರಗಳು ಸೈಟನ್ನು ವ್ಯಕ್ತಿಗೆ ಹಂಚುತ್ತವೆ, ಮೂಲೆ ಸೈಟನ್ನು ಹರಾಜು ಹಾಕುತ್ತವೆ. ಒಂದು ಬಡಾವಣೆಯ ಒಂದೆರಡು ಎಕರೆಯನ್ನು ಕುಟುಂಬಗಳ ಗುಂಪಿಗೆ, ಇಷ್ಟು ವರ್ಷದೊಳಗೆ ಕಟ್ಟಬೇಕು ಅನ್ನುವ ಷರತ್ತಿನೊಂದಿಗೆ, ನಿಗದಿ ಬೆಲೆಗೆ ಕೊಟ್ಟು ನೋಡಬಹುದಲ್ವಾ?

ಮೊದಲ ಪತ್ರ ಆಗುವ ಮುಂಚೆ

ಅಂಥ ವ್ಯವಸ್ಥೆ ಬರುವವರೆಗೂ ಕಾಯಲು ಆಗದ ಗುಂಪುಗಳು ಸೈಟು ಹಂಚಲೇಬೇಕಾಗಬಹುದು. ಹಾಗೆ ಮಾಡಿಯೂ ಉಳಿದುಕೊಳ್ಳಲು ದಾರಿ ಇದೆ. ಅದು ಹಣದ ಕ್ರಮದಲ್ಲಿದೆ. ನಮ್ಮ ಉದಾಹರಣೆಯ ₹8 ಲಕ್ಷವನ್ನು ಸೈಟಿನ ಬೆಲೆಯಲ್ಲೇ ಸೇರಿಸಿ, ಪತ್ರ ಆಗುವ ಮುಂಚೆಯೇ ಇಪ್ಪತ್ತೂ ಮಂದಿಯಿಂದ ತೆಗೆದುಕೊಂಡರೆ ದೊಡ್ಡ ಮನೆ ಯಾರ ದಯೆಗೂ ಕಾಯಬೇಕಿಲ್ಲ. ಮನೆಗಳಿಗಿಂತ ಮೊದಲು ಅದನ್ನೇ ಕಟ್ಟಿಸಿದರೆ ಇನ್ನೂ ಒಳ್ಳೆಯದು. ಅವರವರ ಮನೆ ಏಳುವವರೆಗೆ ವಾರಾಂತ್ಯಕ್ಕೆ ಬಂದು ಉಳಿಯಲು, ಒಟ್ಟಿಗೆ ಅಡುಗೆ ಮಾಡಲು ಒಂದು ಸೂರು ಆಗುತ್ತದೆ. ಆ ದೊಡ್ಡ ಮನೆ ನಿಲ್ಲುವ ಜಾಗವನ್ನೂ ಪಾರ್ಕು, ಸಿಎ ಎಂದು ತೋರಿಸದೆ, ಒಂದು ಪೂರ್ತಿ ಸೈಟಾಗಿಯೇ ಸಂಘದ ಹೆಸರಿಗೆ ಬರೆಸಿಕೊಳ್ಳಬೇಕು. ಆಗ ಅದು ಸ್ಥಳೀಯ ಸಂಸ್ಥೆಗೆ ಹೋಗುವುದಿಲ್ಲ.

ಕಟ್ಟದೇ ಇಟ್ಟವರ ವಿಷಯವನ್ನೂ ಮುಜುಗರ ಪಡದೆ ಬರೆದುಕೊಳ್ಳಬೇಕು. ಮೂರು ವರ್ಷದಲ್ಲಿ ತಳಪಾಯ ಹಾಕದಿದ್ದರೆ ಸೈಟು ಸಂಘಕ್ಕೆ ವಾಪಸ್ಸು, ಅವರು ಕೊಟ್ಟ ಹಣ ಬ್ಯಾಂಕ್ ಬಡ್ಡಿ ಸೇರಿಸಿ ಅವರಿಗೆ ವಾಪಸ್ಸು. ಮಾರುವುದಾದರೆ ಮೊದಲು ಸಂಘಕ್ಕೆ ಹೇಳಬೇಕು. ಇಂಥ ಷರತ್ತು ಕೋರ್ಟಿನಲ್ಲಿ ನಿಲ್ಲುವ ಹಾಗೆ ಬರೆಯಲು ಅನುಭವಿ ವಕೀಲರೇ ಬೇಕು. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳು ತೋರಿಸಿದ ಮಾತು ಹತ್ತು ವರ್ಷದ ಮೇಲೆ ಉಪಯೋಗಕ್ಕೆ ಬರುವುದಿಲ್ಲ. ಈ ಷರತ್ತನ್ನು ಮುಂದಿಟ್ಟ ಕೂಡಲೇ ಇಪ್ಪತ್ತರಲ್ಲಿ ಐದಾರು ಕುಟುಂಬ ಹಿಂದೆ ಸರಿಯಬಹುದು. ಜಮೀನಿಗೆ ಮುಂಗಡ ಕೊಡುವ ಮುಂಚೆಯೇ ಅವರು ಯಾರು ಎಂದು ತಿಳಿದುಬಿಟ್ಟರೆ, ಉಳಿದ ಹದಿನಾಲ್ಕು ಕುಟುಂಬ ನಾಲ್ಕು ಎಕರೆಯ ಬದಲು ಮೂರು ಎಕರೆ ಹುಡುಕಬಹುದು.